ಸಿಗ್ನಲ್ ಇಳಿದಾಗ ಬಿಡುವುದೇನು, ಉಳಿಸುವುದೇನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ 'ಇಂದಿನ ತಂತ್ರಜ್ಞಾನ' ಎಂಬ ವಿಷಯ ಕೊಟ್ಟಿದ್ದಾರೆ. ಅದು ಸಮುದ್ರ. ನಾನು ಕೆಲಸ ಮಾಡುವ ಒಂದು ಸಣ್ಣ ಮೂಲೆಯ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಆ ಮೂಲೆಗೂ ನಮ್ಮೂರಿಗೂ ನೇರ ಸಂಬಂಧ ಇದೆ. ಮೊಬೈಲಿನಲ್ಲಿ ಸಿಗ್ನಲ್ ನಾಲ್ಕು ಕಡ್ಡಿಯಿಂದ ಒಂದು ಕಡ್ಡಿಗೆ ಇಳಿದಾಗ ಒಳಗಿರುವ ತಂತ್ರಾಂಶ ಏನು ಮಾಡಬೇಕು? ಇದು ಪ್ರಶ್ನೆ. ಮೇಲೆ ನಾವು ಬಳಸುವ ಆಪ್ ಇರುತ್ತದೆ, ಕೆಳಗೆ ರೇಡಿಯೊ ಇರುತ್ತದೆ. ಇವೆರಡರ ನಡುವೆ ಕೂತು ವ್ಯವಹಾರ ನಡೆಸುವ ತಂತ್ರಾಂಶಕ್ಕೆ ಮಿಡ್‌ಲ್‌ವೇರ್ ಎನ್ನುತ್ತಾರೆ. ಸಂದರ್ಭ ನೋಡಿ ತನ್ನ ನಡೆಯನ್ನು ಬದಲಿಸಿಕೊಳ್ಳುವ ಮಿಡ್‌ಲ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಮೊಬೈಲ್ ಬಳಸುವ 900 ಮೆಗಾಹರ್ಟ್ಸ್‌ನಂಥ ಅಲೆಗಳಿಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಆಮೇಲೆ ಟವರ್ ನಿಲ್ಲುತ್ತದೆ. ಇನ್ನು ಗುಡ್ಡದ ಮರೆ, ಒಂದೇ ಟವರಿಗೆ ನಾಲ್ಕು ಊರಿನವರ ನೂಕುನುಗ್ಗಲು. ಕಾರಣ ಯಾವುದಾದರೂ ಇರಲಿ, ಕೈಯಲ್ಲಿ ಹಿಡಿದು ಓಡಾಡುವ ಕಂಪ್ಯೂಟರಿಗೆ ಸಂಪರ್ಕ ಒಂದೇ ಸಮ ಇರುವುದಿಲ್ಲ. ಬ್ಯಾಟರಿಯೂ ಅಷ್ಟೆ. ಇದನ್ನು ಅಪರೂಪದ ತೊಂದರೆ ಎಂದು ತಿಳಿದು ಬರೆದ ಆಪ್ ನಮ್ಮೂರಿನಲ್ಲಿ ದಿನಾ ಕೆಡುತ್ತದೆ.

ಈ ವಿಷಯದಲ್ಲಿ ಮೊದಲು ಗಟ್ಟಿಯಾಗಿ ಕೆಲಸ ಮಾಡಿದವರಲ್ಲಿ ಒಬ್ಬರು ಮಹಾದೇವ್ ಸತ್ಯನಾರಾಯಣನ್. ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಅವರ ತಂಡ 1987ರಲ್ಲಿ 'ಕೋಡಾ' ಎಂಬ ಯೋಜನೆ ಶುರು ಮಾಡಿತು. ಕಡತಗಳೆಲ್ಲ ದೂರದ ಸರ್ವರಿನಲ್ಲಿ ಇರುತ್ತವೆ. ಸಂಪರ್ಕ ಕಡಿದುಹೋದರೂ ಲ್ಯಾಪ್‌ಟಾಪಿನಲ್ಲಿ ಕೆಲಸ ನಿಲ್ಲಬಾರದು. ಹೇಗೆ?

ನಮ್ಮ ಮಲೆನಾಡಿನ ಹೆಂಗಸರಿಗೆ ಉತ್ತರ ಗೊತ್ತಿತ್ತು. ಮುಂಗಾರಿಗೆ ಮೊದಲು ಸೌದೆ ಪೇರಿಸುತ್ತಾರೆ, ಹಪ್ಪಳ ಸಂಡಿಗೆ ಡಬ್ಬಕ್ಕೆ ತುಂಬುತ್ತಾರೆ. ಹೊಳೆ ಏರಿ ದಾರಿ ಕಟ್ಟಿದರೂ ಒಲೆ ಉರಿಯುತ್ತದೆ. ಕೋಡಾ ಮಾಡಿದ್ದೂ ಇದನ್ನೇ. ಅದಕ್ಕೆ ಅವರು ಇಟ್ಟ ಹೆಸರು 'ಹೋರ್ಡಿಂಗ್', ಅಂದರೆ ದಾಸ್ತಾನು. ಸಂಪರ್ಕ ಇರುವಾಗಲೇ ಹತ್ತು ನಿಮಿಷಕ್ಕೊಮ್ಮೆ ಯಾವ ಕಡತ ಮುಂದೆ ಬೇಕಾದೀತು ಎಂದು ಲೆಕ್ಕ ಹಾಕಿ ಲ್ಯಾಪ್‌ಟಾಪಿನೊಳಗೆ ತಂದಿಟ್ಟುಕೊಳ್ಳುತ್ತಿತ್ತು. ಇತ್ತೀಚೆಗೆ ಬಳಸಿದ್ದು ಯಾವುದು ಎಂದು ತಾನೇ ನೋಡುತ್ತಿತ್ತು, ಬಳಸುವವರು ಕೊಟ್ಟ ಪಟ್ಟಿಯನ್ನೂ ನೋಡುತ್ತಿತ್ತು. ಸಂಪರ್ಕ ಹೋದಾಗ ಮಾಡಿದ ಬದಲಾವಣೆಗಳನ್ನು ಒಂದು ದಿನಚರಿಯಂತೆ ಬರೆದಿಟ್ಟು, ಸಂಪರ್ಕ ಬಂದಾಗ ಸಾಲಾಗಿ ಸರ್ವರಿಗೆ ಒಪ್ಪಿಸುತ್ತಿತ್ತು. ಇವತ್ತು ನೀವು ವಾಟ್ಸಾಪಿನಲ್ಲಿ ಸಿಗ್ನಲ್ ಇಲ್ಲದಾಗ ಸಂದೇಶ ಒತ್ತಿದರೆ ಪಕ್ಕದಲ್ಲಿ ಸಣ್ಣ ಗಡಿಯಾರ ಕಾಣುತ್ತದಲ್ಲ, ಅದು ಇದೇ ಯೋಚನೆಯ ಮೊಮ್ಮಗು.

ಪೂರ್ತಿ ಕಡಿದುಹೋದ ಸಂಪರ್ಕ ಒಂದು ರೀತಿಯಲ್ಲಿ ಸುಲಭ. ಅರ್ಧಂಬರ್ಧ ಇರುವ ಸಂಪರ್ಕ ಕಷ್ಟ. ಅದಕ್ಕೆ ಅದೇ ತಂಡ 1997ರಲ್ಲಿ 'ಒಡಿಸ್ಸಿ' ಎಂಬ ವ್ಯವಸ್ಥೆ ಪ್ರಕಟಿಸಿತು. ನನಗೆ ತುಂಬ ಇಷ್ಟವಾದ ಕೆಲಸ ಅದು, ಆದ್ದರಿಂದ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಮದುವೆ ಮನೆಯನ್ನು ನೆನಪು ಮಾಡಿಕೊಳ್ಳಿ. ಮುನ್ನೂರು ಜನಕ್ಕೆ ಅಡುಗೆ ಆಗಿದೆ, ಐನೂರು ಜನ ಬಂದಿದ್ದಾರೆ. ಅಡುಗೆ ಭಟ್ಟರು ಏನು ಮಾಡುತ್ತಾರೆ? ಸಾರಿಗೆ ನೀರು ಬೆರೆಸಿ ಇನ್ನೊಂದು ಕುದಿ ಕುದಿಸುತ್ತಾರೆ. ಪಲ್ಯ ಬಡಿಸುವ ಕೈ ಸಣ್ಣದಾಗುತ್ತದೆ. ಹೋಳಿಗೆಗೆ ನೀರು ಹಾಕಲಾಗುವುದಿಲ್ಲ, ಎರಡರ ಬದಲು ಒಂದು ಅಷ್ಟೆ. ಯಾವ ಪದಾರ್ಥವನ್ನು ಹೇಗೆ ಕಡಿಮೆ ಮಾಡಬಹುದು ಎಂಬುದು ಪದಾರ್ಥದ ಗುಣ ಬಲ್ಲವರಿಗೆ ಗೊತ್ತು. ಎಷ್ಟು ಜನ ಬಂದಿದ್ದಾರೆ ಎಂಬುದು ಬಾಗಿಲಲ್ಲಿ ನಿಂತ ಯಜಮಾನರಿಗೆ ಗೊತ್ತು. ಇಬ್ಬರೂ ಮಾತಾಡಿಕೊಳ್ಳಬೇಕು.

ಒಡಿಸ್ಸಿಯ ತಿರುಳು ಇದೇ. ಕೆಳಗಿನ ವ್ಯವಸ್ಥೆ ಯಜಮಾನನ ಹಾಗೆ: ಸಂಪರ್ಕದ ವೇಗವನ್ನು ಅಳೆಯುತ್ತಾ ಇರುತ್ತದೆ, ಎಲ್ಲ ಆಪ್‌ಗಳ ಬೇಡಿಕೆಯನ್ನೂ ನೋಡಿ ಹಂಚುತ್ತದೆ. ಆಪ್ ಮೊದಲೇ ಹೇಳಿಟ್ಟಿರುತ್ತದೆ: 'ವೇಗ ಇಷ್ಟರಿಂದ ಇಷ್ಟರೊಳಗೆ ಇದ್ದರೆ ನನ್ನನ್ನು ಮಾತಾಡಿಸಬೇಡ, ಅದರಾಚೆ ಹೋದರೆ ತಿಳಿಸು.' ತಿಳಿಸಿದಾಗ ಏನನ್ನು ಕಡಿಮೆ ಮಾಡಬೇಕೆಂದು ಆಪ್ ನಿರ್ಧರಿಸುತ್ತದೆ. ಒಂದೇ ಚಿತ್ರವನ್ನು ಅವರು ಮೂರು ಬಗೆಯಲ್ಲಿ ಇಟ್ಟಿದ್ದರು: ಒಳ್ಳೆಯ ಬಣ್ಣದ್ದು, ಕಡಿಮೆ ಗುಣಮಟ್ಟದ ಬಣ್ಣದ್ದು, ಕಪ್ಪು ಬಿಳುಪಿನದು. ವೇಗ ಇಳಿದಂತೆ ಚಿತ್ರ ನಿಲ್ಲದೆ ಬಣ್ಣ ಕಳೆದುಕೊಳ್ಳುತ್ತಿತ್ತು. ಮಾತನ್ನು ಗುರುತಿಸುವ ಇನ್ನೊಂದು ಆಪ್, ದೂರದ ದೊಡ್ಡ ಕಂಪ್ಯೂಟರಿಗೆ ದನಿಯನ್ನು ಹಾಗೇ ಕಳಿಸಲೋ ಅಥವಾ ಮೊದಲ ಹಂತದ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮುಗಿಸಿ ಸಣ್ಣದು ಮಾಡಿ ಕಳಿಸಲೋ ಎಂದು ವೇಗ ನೋಡಿ ತೀರ್ಮಾನಿಸುತ್ತಿತ್ತು. ಈಗ ಯೂಟ್ಯೂಬಿನಲ್ಲಿ ಚಿತ್ರ ಮಂಜಾಗಿ ಮತ್ತೆ ಸ್ಪಷ್ಟವಾಗುವುದನ್ನು ಎಲ್ಲರೂ ನೋಡಿದ್ದೀರಿ.

ಇದಕ್ಕಿಂತ ಹಳ್ಳಿಗೆ ಹತ್ತಿರದ ಉದಾಹರಣೆ ನೀವು ಮಾತಾಡುವ ಕರೆಯಲ್ಲೇ ಇದೆ. ಮೊಬೈಲಿನಲ್ಲಿ ದನಿಯನ್ನು ಅಂಕಿಗಳಾಗಿ ಬದಲಿಸುವ 'ಎಎಂಆರ್' ಎಂಬ ಪದ್ಧತಿಗೆ ಎಂಟು ಮೆಟ್ಟಿಲುಗಳಿವೆ. ಮೇಲಿನದು ಸೆಕೆಂಡಿಗೆ 12.2 ಕಿಲೋಬಿಟ್, ಕೆಳಗಿನದು 4.75. ಸಿಗ್ನಲ್ ಕೆಟ್ಟಾಗ ಅದು ದನಿಗೆ ಕೊಡುವ ಬಿಟ್‌ಗಳನ್ನು ಕಡಿಮೆ ಮಾಡಿ, ಉಳಿಸಿದ್ದನ್ನು ದಾರಿಯಲ್ಲಿ ಆಗುವ ತಪ್ಪು ಸರಿಪಡಿಸಲು ಬಳಸುತ್ತದೆ. ದನಿಯ ಸೊಗಸು ಹೋಗುತ್ತದೆ, ಮಾತು ಉಳಿಯುತ್ತದೆ. ಆಸ್ಪತ್ರೆಯಿಂದ ಮಗ ಫೋನ್ ಮಾಡಿದಾಗ ಅಮ್ಮನಿಗೆ ಬೇಕಾದದ್ದು ಮಾತು ತಾನೆ?

ಆದರೆ ಇವತ್ತಿನ ಫೋನುಗಳಲ್ಲಿ ಒಡಿಸ್ಸಿಯ ಯಜಮಾನ ಪೂರ್ತಿಯಾಗಿ ಕಾಣುವುದಿಲ್ಲ. ಆಂಡ್ರಾಯ್ಡಿನಲ್ಲಿ 'ವೈಫೈ ಸಿಕ್ಕಾಗ ಮಾತ್ರ ಈ ಕೆಲಸ ಮಾಡು, ಚಾರ್ಜಿಗೆ ಹಾಕಿದಾಗ ಮಾತ್ರ ಮಾಡು' ಎಂದು ಹೇಳುವ ಅನುಕೂಲ 2014ರಿಂದ ಇದೆ. ಅದನ್ನು ಬಳಸುವುದು ಬಿಡುವುದು ಆಪ್ ಬರೆದವರ ಮರ್ಜಿ. ಹೆಚ್ಚಿನ ಆಪ್‌ಗಳು ತಾವೊಬ್ಬರೇ ಫೋನಿನಲ್ಲಿ ಇದ್ದೇವೆ ಎಂಬಂತೆ ನಡೆದುಕೊಳ್ಳುತ್ತವೆ. ಇರುವ ಒಂದು ಕಡ್ಡಿ ಸಿಗ್ನಲಿನಲ್ಲಿ ಜಾಹೀರಾತಿನ ವಿಡಿಯೊ ಮೊದಲು ಇಳಿಯುತ್ತದೆ, ಅರ್ಜಿಯ ಪುಟ ಆಮೇಲೆ. ಇಲ್ಲಿ ಯಾರ ಅನುಕೂಲ ಮೊದಲು ಎಂಬುದು ತಂತ್ರಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಇದೇ ಶಾಲೆಯ ಒಬ್ಬ ಹುಡುಗಿ ನೀರಿನ ಟ್ಯಾಂಕಿನ ಹತ್ತಿರ ಕೊಡೆ ಹಿಡಿದು ನಿಂತು ಒಂದು ಅರ್ಜಿ ತುಂಬುತ್ತಿದ್ದಳು. ಯಾವ ಸಂಸ್ಥೆಯದು ಎಂದು ಹೇಳುವುದು ಬೇಡ. ಐದು ಪುಟದ ಅರ್ಜಿ. ನಾಲ್ಕನೇ ಪುಟದಲ್ಲಿ ಸಿಗ್ನಲ್ ಹೋಯಿತು, ಬಂದಾಗ ಮೊದಲ ಪುಟ ಖಾಲಿಯಾಗಿ ಕೂತಿತ್ತು. ಮತ್ತೆ ತುಂಬಿದಳು. ಓಟಿಪಿ ಬಂತು, ಅದನ್ನು ಹಾಕುವ ಪುಟ ತೆರೆದುಕೊಳ್ಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮೂರನೇ ಸಲ 'ಸಲ್ಲಿಸು' ಒತ್ತಿದಾಗ ಚಕ್ರ ತಿರುಗುತ್ತಾ ನಿಂತಿತು. ಅರ್ಜಿ ಹೋಯಿತೋ ಇಲ್ಲವೋ ಗೊತ್ತಿಲ್ಲ. ಇನ್ನೊಮ್ಮೆ ಒತ್ತಿದರೆ ಎರಡು ಅರ್ಜಿ ಆಗಿ ಎರಡೂ ತಿರಸ್ಕಾರ ಆದೀತೆಂಬ ಭಯ. ಕೊನೆಗೆ ಅವಳ ಅಪ್ಪ ಒಂದು ದಿನದ ಕೂಲಿ ಬಿಟ್ಟು ಪೇಟೆಯ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದರು.

ಈ ಮೂರನೆಯ ತೊಡಕು ಬಹಳ ಹಳೆಯದು. ಹಿಂದೆ ಮನಿಯಾರ್ಡರ್ ಕಳಿಸಿದರೆ ತೆಗೆದುಕೊಂಡವರ ಸಹಿ ಇರುವ ಚೀಟಿ ವಾಪಸ್ ಬರುತ್ತಿತ್ತು. ಚೀಟಿ ಬರಲಿಲ್ಲ ಎಂದರೆ ಹಣ ತಲುಪಲಿಲ್ಲವೋ, ತಲುಪಿ ಚೀಟಿ ಮಾತ್ರ ಕಳೆಯಿತೋ? ಕಳಿಸಿದವರಿಗೆ ತಿಳಿಯುವ ದಾರಿ ಇಲ್ಲ. 'ದುಡ್ಡು ಕಟ್ ಆಯ್ತು, ಟಿಕೆಟ್ ಬರಲಿಲ್ಲ' ಎನ್ನುವುದೂ ಇದೇ. ಪರಿಹಾರ ಸರಳ. ಪ್ರತಿ ಅರ್ಜಿಗೂ ಫೋನೇ ಮೊದಲು ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆಯ ಅರ್ಜಿ ಹತ್ತು ಸಲ ಬಂದರೂ ಸರ್ವರ್ ಒಂದೇ ಎಂದು ಎಣಿಸಬೇಕು. ಆಗ ಚೀಟಿ ಬರುವ ತನಕ ಮಿಡ್‌ಲ್‌ವೇರ್ ಧೈರ್ಯವಾಗಿ ಮತ್ತೆ ಮತ್ತೆ ಕಳಿಸಬಹುದು, ಹುಡುಗಿ ಮನೆಗೆ ಹೋಗಿ ಊಟ ಮಾಡಬಹುದು. ತುಂಬಿದ ಪುಟಗಳು ಫೋನಿನೊಳಗೇ ಉಳಿಯಬೇಕು. ಹೀಗೆ ಬೇಡಿಕೆಗಳನ್ನು ಸಾಲಿನಲ್ಲಿಟ್ಟು ಸಂಪರ್ಕ ಸಿಕ್ಕಾಗ ಕಳಿಸುವ 'ರೋವರ್' ಎಂಬ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯವರು 1995ರಲ್ಲೇ ಮಾಡಿ ತೋರಿಸಿದ್ದರು. ಅಂದರೆ ಆ ಹುಡುಗಿ ಹುಟ್ಟುವ ಮೊದಲೇ ಉತ್ತರ ಇತ್ತು.

ಸರಿಯಾಗಿ ಮಾಡಿದ್ದೂ ಇದೆ, ಅದನ್ನೂ ಹೇಳಬೇಕು. ನಮ್ಮ ರಾಜ್ಯದ ರೈತರ ಬೆಳೆ ಸಮೀಕ್ಷೆ ಆಪಿನಲ್ಲಿ ಮಾಹಿತಿಯನ್ನು ಮೊದಲೇ ಇಳಿಸಿಕೊಂಡು, ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು, ಸಿಗ್ನಲ್ ಇರುವ ಕಡೆ ಬಂದು ಅಪ್‌ಲೋಡ್ ಮಾಡಬಹುದು. ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಬರೆದವರಿಗೆ ಯಾರೋ ಹೇಳಿದ್ದಾರೆ.

ಎಲ್ಲವನ್ನೂ ಹೀಗೆ ಮುಂದೂಡಲು ಬರುವುದಿಲ್ಲ. ಸಮುದಾಯ ಭವನವನ್ನು ಇಬ್ಬರು ಸಂಪರ್ಕ ಇಲ್ಲದಾಗ ತಮ್ಮ ತಮ್ಮ ಫೋನಿನಲ್ಲಿ ಒಂದೇ ಮುಹೂರ್ತಕ್ಕೆ ಕಾದಿರಿಸಿದರೆ? ಇಂಥದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದವರು 'ಬಾಯು' ಎಂಬ ವ್ಯವಸ್ಥೆ ಕಟ್ಟಿದರು. ಅವರದು ಸಭೆಯ ಕೋಣೆ, ನಮ್ಮದು ಮದುವೆ. ಸಂಪರ್ಕ ಬಂದು ಒಪ್ಪಿಗೆಯಾಗುವ ತನಕ ಅದು 'ತಾತ್ಕಾಲಿಕ' ಎಂದು ಇರುತ್ತದೆ, ಕೇಳುವಾಗಲೇ ಎರಡನೆಯ ಆಯ್ಕೆಯನ್ನೂ ಹೇಳಿರಬಹುದು. ತಾತ್ಕಾಲಿಕ ಎಂಬುದನ್ನು ಮುಚ್ಚಿಡದೆ ತೋರಿಸುವುದು ಇಲ್ಲಿ ಮುಖ್ಯ, ಇಲ್ಲದಿದ್ದರೆ ಲಗ್ನಪತ್ರಿಕೆ ಅಚ್ಚಾಗಿಬಿಡುತ್ತದೆ. ಇನ್ನು ರೇಷನ್ ಅಂಗಡಿಯ ಬೆರಳಚ್ಚು. ಅದು ಆ ಕ್ಷಣದಲ್ಲೇ ದೂರದ ಸರ್ವರಿಗೆ ಹೋಗಿ ಹೋಲಿಕೆಯಾಗಿ ಬರಬೇಕು. ಸಂಪರ್ಕವೇ ಇಲ್ಲದಿದ್ದರೆ ನನ್ನಂಥವರು ಬರೆಯುವ ಯಾವ ಮಿಡ್‌ಲ್‌ವೇರೂ ಅಕ್ಕಿ ಕೊಡಿಸಲಾರದು. ಅಂಥ ದಿನ ಏನು ಮಾಡಬೇಕೆಂದು ನಿಯಮ ಮಾಡುವವರು ಹೇಳಬೇಕು, ಗ್ರಾಮಸಭೆಯಲ್ಲಿ ನಾವು ಕೇಳಬೇಕು.

2015ರಲ್ಲಿ ಫೇಸ್‌ಬುಕ್ ಕಂಪನಿ ತನ್ನ ನೌಕರರಿಗಾಗಿ '2ಜಿ ಮಂಗಳವಾರ' ಎಂದು ಶುರು ಮಾಡಿತು. ಒಪ್ಪಿದವರಿಗೆ ಆ ದಿನ ಒಂದು ಗಂಟೆ ಕಾಲ ನಿಧಾನದ ಸಂಪರ್ಕ ಕೊಡುವುದು, ಬಡ ಸಂಪರ್ಕದವರ ಪಾಡು ಗೊತ್ತಾಗಲಿ ಎಂದು. ನಮಗೆ ವಾರವಿಡೀ ಮಂಗಳವಾರ. ಇದನ್ನು ನಗೆಚಾಟಿಕೆಗೆ ಹೇಳಿದ್ದಲ್ಲ ಮಕ್ಕಳೇ. ತಂತ್ರಾಂಶ ಪರೀಕ್ಷೆ ಮಾಡುವ ಒಳ್ಳೆಯ ಜಾಗದಲ್ಲಿ ನೀವು ಹುಟ್ಟಿದ್ದೀರಿ. ಯಾವ ಆಪ್ ಎಲ್ಲಿ ಕೈಕೊಡುತ್ತದೆ ಎಂದು ನಿಮಗೆ ಗೊತ್ತಿರುವಷ್ಟು ಬೆಂಗಳೂರಿನ ಆಫೀಸಿನ ವೈಫೈ ಕೆಳಗೆ ಕೂತವರಿಗೆ ಗೊತ್ತಿಲ್ಲ.

ಊಟವಾದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆಸಕ್ತಿ ಇದ್ದವರು ಮನೆಯವರ ಫೋನ್ ತನ್ನಿ. ಯಾವುದಾದರೂ ಆಪಿನಲ್ಲಿ ಒಂದು ಅರ್ಜಿ ಅರ್ಧ ತುಂಬಿ ಏರೋಪ್ಲೇನ್ ಮೋಡ್ ಹಾಕೋಣ, ಎರಡು ನಿಮಿಷ ಬಿಟ್ಟು ತೆಗೆಯೋಣ. ಏನು ಉಳಿಯಿತು, ಏನು ಹೋಯಿತು ಎಂದು ಹಲಗೆಯ ಮೇಲೆ ಬರೆಯೋಣ. ಆ ಪಟ್ಟಿಯನ್ನು ಆಯಾ ಆಪ್ ಮಾಡಿದವರಿಗೆ ಕಳಿಸುವ ಕೆಲಸ ನನ್ನದು. ಗಣಿತದ ಮೇಷ್ಟ್ರು ಸೀಮೆಸುಣ್ಣ ಕೊಡುತ್ತೇನೆಂದು ಒಪ್ಪಿದ್ದಾರೆ.