ನೀರಡಿಯ ಹಸುರಿಗೊಂದು ನಕ್ಷೆ

ಕೆರೆಯ ಮೇಲೆ ತೇಲುವ ಅಂತರಗಂಗೆಯನ್ನು ನೀವೆಲ್ಲರೂ ಕಂಡಿದ್ದೀರಿ. ಉಪಗ್ರಹಕ್ಕೂ ಅದು ಸುಲಭವಾಗಿ ಕಾಣುತ್ತದೆ. ಹಸುರೆಲೆಯು ನಮ್ಮ ಕಣ್ಣಿಗೆ ಬೀಳದ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹಿಂದಕ್ಕೆ ಚೆಲ್ಲುವುದೇ ಇದಕ್ಕೆ ಕಾರಣ. ನೀರೊಳಗೆ ಬೇರೂರಿ ನೀರೊಳಗೇ ಬಾಳುವ ಗಿಡಗಳ ಮಾತು ಬೇರೆ. ಆ ಕಿರಣಗಳನ್ನು ನೀರು ಮೇಲಿನ ಒಂದೆರಡು ಮೊಳದಲ್ಲೇ ಬಹುಮಟ್ಟಿಗೆ ನುಂಗಿಬಿಡುತ್ತದೆ. ಕೆಂಪು ಬೆಳಕು ಇನ್ನು ಸ್ವಲ್ಪ ಇಳಿದು ಸೋಲುತ್ತದೆ. ತಿಳಿನೀರಿನಲ್ಲಿ ತಳ ಮುಟ್ಟಿ ಮರಳಬಲ್ಲವು ನೀಲಿ, ಹಸುರು ಬೆಳಕುಗಳೇ. ಮರಳಿದ ಆ ಅಲ್ಪ ಬೆಳಕನ್ನು ನಂಬಿ ನಕ್ಷೆ ಬರೆಯಬೇಕು.

ಒಡಿಶಾದ ಚಿಲಿಕಾ ಸರೋವರವನ್ನು ನೋಡಿ. ಮಹಾನದಿಯ ಕವಲುಗಳ ಸಿಹಿನೀರೂ ಬಂಗಾಳ ಕೊಲ್ಲಿಯ ಉಪ್ಪುನೀರೂ ಕೂಡುವ, ಆಳ ಕಡಮೆಯಾದ ವಿಶಾಲ ಜಲರಾಶಿ ಅದು. ಹೂಳು ತುಂಬಿ, ಉಪ್ಪು ಇಳಿದು, ಸಿಹಿನೀರಿನ ಕಳೆ ಹಬ್ಬಿ, ಮೀನು ಕ್ಷೀಣಿಸಿ, 1993ರಲ್ಲಿ ಅದು ಅಪಾಯಕ್ಕೊಳಗಾದ ಜೌಗುನೆಲೆಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಕಡಲಿಗೆ ಹೊಸ ಬಾಯಿ ತೆರೆದ ಮೇಲೆ ಉಪ್ಪೂ ಮೀನೂ ಮರಳಿದವು. 2002ರಲ್ಲಿ ಪಟ್ಟಿಯಿಂದ ಹೊರಬಂತು. ಕಳೆ ಎಲ್ಲಿ ಹಿಂಜರಿಯಿತು, ಮೀನಿನ ಮರಿಗಳಿಗೆ ತೊಟ್ಟಿಲಾದ ಕಡಲಹುಲ್ಲು ಎಲ್ಲಿ ಹರಡಿತು? ಸಾವಿರ ಚದರ ಕಿಲೋಮೀಟರಿನಷ್ಟು ನೀರನ್ನು ದೋಣಿಯಿಂದಲೇ ಅಳೆಯುವುದೆಂತು? 2015ರಲ್ಲೂ 2017ರಲ್ಲೂ ಯೂರೋಪು ಹಾರಿಸಿದ ಸೆಂಟಿನೆಲ್-2 ಉಪಗ್ರಹಗಳು ಇಲ್ಲಿ ನೆರವಿಗೆ ಬರುತ್ತವೆ. 10 ಮೀಟರಿನ ಒಂದು ಚೌಕ ಅವುಗಳ ಚಿತ್ರದಲ್ಲಿ ಒಂದು ಚುಕ್ಕಿ.

ಆ ಚುಕ್ಕಿ ಕಪ್ಪಾಗಿ ಕಂಡರೆ ಗಿಡವೆಂದೇ ಹೇಳಲಾಗದು. ಆಳವೂ ಕಪ್ಪು, ತಳದ ಕೆಸರೂ ಕಪ್ಪು. ಎರಡು ಬಣ್ಣಗಳನ್ನು ಒಂದಕ್ಕೊಂದು ತೂಗಿ ಆಳದ ಮರೆಯನ್ನು ಕಳೆಯುವ ಗಣಿತವನ್ನು 1978ರಲ್ಲಿ ಡೇವಿಡ್ ಲೈಜೆಂಗ ತೋರಿಸಿಕೊಟ್ಟರು. ಸೊಗಸಾದ ಗಣಿತವೇ, ಆದರೆ ನೀರು ತಿಳಿಯಾಗಿರಬೇಕೆಂಬುದು ಅದರ ಕರಾರು. ಮಳೆಗಾಲದ ರಾಡಿನೀರಿನಲ್ಲಿ ಅದೂ ಕುರುಡು.

ತೊಡಕು ಇರುವುದು ಇಲ್ಲಿಯೇ. ಗಿಡಗಳು ಕೆಸರನ್ನು ಹಿಡಿದಿಟ್ಟು ನೀರನ್ನು ತಿಳಿಯಾಗಿಸುತ್ತವೆ. ಅವು ಅಳಿದರೆ ನೀರು ಕದಡುತ್ತದೆ. ಹಾಗಾಗಿ ಯಾವ ಸರೋವರದ ಆರೋಗ್ಯ ಕೆಟ್ಟಿದೆಯೋ ಅದರ ತಳವೇ ಉಪಗ್ರಹಕ್ಕೆ ಕಾಣದು. ನಕ್ಷೆಯಲ್ಲಿ ಬರಿದಾಗಿ ಉಳಿದ ಜಾಗವನ್ನು ಕಚೇರಿಯ ಮೇಜಿನ ಮೇಲೆ ‘ಇಲ್ಲಿ ಗಿಡವಿಲ್ಲ’ ಎಂದು ಓದಿಕೊಂಡು ಹೂಳೆತ್ತಲು ಅಪ್ಪಣೆ ಕೊಟ್ಟರೆ, ಉಳಿದಿದ್ದ ಹುಲ್ಲೂ ಹೋಯಿತು, ಮೀನುಗಾರನ ಅನ್ನವೂ ಹೋಯಿತು. ಗಿಡವಿದೆ, ಗಿಡವಿಲ್ಲ ಎಂಬ ಎರಡು ಬಣ್ಣ ಸಾಲದು. ‘ಕಾಣಲಿಲ್ಲ’ ಎಂಬುದಕ್ಕೆ ಮೂರನೆಯ ಬಣ್ಣ ಬೇಕು.

ದುರ್ಯೋಧನನು ಸರೋವರದಲ್ಲಿ ಅಡಗಿದಾಗ ಪಾಂಡವರಿಗೆ ಸುಳಿವು ಕೊಟ್ಟವರು ದಡದಲ್ಲಿದ್ದ ಬೇಡರು, ನೆನಪಿದೆಯಲ್ಲವೆ? ಮೂರನೆಯ ಬಣ್ಣವಿರುವೆಡೆಗೆ ಮೀನುಗಾರನನ್ನೇ ಕರೆದುಕೊಂಡು ದೋಣಿಯಲ್ಲಿ ಹೋಗಿ, ಹಲುಬೆಯನ್ನು ತಳಕ್ಕಿಳಿಸಿ ಎಳೆದು, ಹಲ್ಲುಗಳಿಗೆ ಸಿಕ್ಕಿದ್ದನ್ನು ಬರೆದುಕೊಳ್ಳಬೇಕು.