ರಾಗಿಯ ಬೆಲೆಯೂ ದಿಲ್ಲಿಯ ಮಂತ್ರಿಸಂಪುಟವೂ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ರಾಗಿಯ ಬೆಂಬಲ ಬೆಲೆಯನ್ನು ದಿಲ್ಲಿಯ ಕೃಷಿ ಮಂತ್ರಿಗಳೊಬ್ಬರೇ ಗೊತ್ತು ಮಾಡುತ್ತಾರೆಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ಹಾಗಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಸಾಗುವಳಿಯ ಖರ್ಚನ್ನು ಲೆಕ್ಕ ಹಾಕಿ ಶಿಫಾರಸು ಮಾಡುತ್ತದೆ. ತೀರ್ಮಾನಿಸುವುದು ಪ್ರಧಾನಮಂತ್ರಿಗಳ ಅಧ್ಯಕ್ಷತೆಯಲ್ಲಿ ಕೂಡುವ ಸಂಪುಟದ ಆರ್ಥಿಕ ಸಮಿತಿ. ಅಲ್ಲಿ ಬೊಕ್ಕಸದ ಬೀಗದ ಕೈ ಹಿಡಿದ ಹಣಕಾಸಿನ ಮಂತ್ರಿಗಳೂ ಇರುತ್ತಾರೆಂಬುದನ್ನು ಮರೆಯಬೇಡಿ! 2025-26ರ ಮುಂಗಾರು ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಎಂದು ಗೊತ್ತಾದದ್ದು ಹೀಗೆ.

ಮಂತ್ರಿಗಳನ್ನು ಆರಿಸುವವರು ಪ್ರಧಾನಮಂತ್ರಿಗಳು, ನೇಮಿಸುವವರು ರಾಷ್ಟ್ರಪತಿಗಳು. ಸಂಪುಟದರ್ಜೆಯ ಹಿರಿಯರಲ್ಲದೆ ರಾಜ್ಯ ಮಂತ್ರಿಗಳೂ ಇರುತ್ತಾರೆ. ಎಲ್ಲರೂ ಸೇರಿ ಲೋಕಸಭೆಯ ನೂರಕ್ಕೆ 15ರಷ್ಟನ್ನು ಮೀರಕೂಡದೆಂದು 2003ರ ತಿದ್ದುಪಡಿ ಹೇಳುತ್ತದೆ. 543 ಸದಸ್ಯರಿಗೆ 81 ಮಂದಿ. ಅದೂ ನನಗೆ ಹೆಚ್ಚೆಂದೇ ತೋರುತ್ತದೆ. ಸಂಸತ್ತಿನ ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು. ನಮ್ಮ ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾಗಿ, ಆಮೇಲೆ ರಾಜ್ಯಸಭೆಗೆ ಆಯ್ಕೆಯಾದರು.

ಒಳಗೆ ಎಷ್ಟೇ ವಾದವಾಗಲಿ, ತೀರ್ಮಾನ ಎಲ್ಲರದು. ಒಪ್ಪದ ಮಂತ್ರಿ ರಾಜೀನಾಮೆ ಕೊಡಬೇಕು. ಲೋಕಸಭೆಯ ವಿಶ್ವಾಸ ತಪ್ಪಿದರೆ ಇಡೀ ಮಂಡಲವೇ ಇಳಿಯಬೇಕು. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರವು ಒಂದೇ ಒಂದು ಮತದಿಂದ ಸೋತಿತು. ಅಂಥ ಒಂದು ಮತ ನಿಮ್ಮ ಲೋಕಸಭಾ ಸದಸ್ಯರ ಕೈಯಲ್ಲಿದೆ.

ಆದುದರಿಂದ ಬೆಲೆ ಸಾಲದೆಂಬ ಅರ್ಜಿಯನ್ನು ಅವರಿಗೇ ಕೊಡಿ, ಅದೂ ಬಿತ್ತನೆಗೆ ಮುಂಚೆ, ತೀರ್ಮಾನವಾಗುವ ಮೊದಲು. ಖರೀದಿ ಕೇಂದ್ರ ತೆರೆದಿಲ್ಲವೆಂಬ ದೂರನ್ನು ದಿಲ್ಲಿಗೆ ಬರೆಯಬೇಡಿ. ಅದು ಬೆಂಗಳೂರಿನ ಸರ್ಕಾರದ ಕೆಲಸ, ನಿಮ್ಮ ಶಾಸಕರನ್ನು ಕೇಳಿ.