ಹೆಜ್ಜೆಗುರುತಿನ ಸಾಕ್ಷ್ಯ: ಕಾಡುಪ್ರಾಣಿಯಿಂದಾದ ಸಾವು ಮತ್ತು ಸ್ಥಳ ಪರಿಶೀಲನೆ

(ಉಪನ್ಯಾಸದ ಲಿಖಿತ ರೂಪ)



ಕಪಿಲೆಯೂ ಕಾವೇರಿಯೂ ಕೂಡುವ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗೆ, ನಾಲ್ವರು ಚಿರತೆಯ ದಾಳಿಗೆ ಬಲಿಯಾದರು. ಮೊದಲು ಉಕ್ಕಲಗೆರೆಯ ಬೆಟ್ಟದ ಬಳಿ ಒಬ್ಬ ಯುವಕ, ಅನಂತರ ಎಸ್. ಕೆಬ್ಬೇಹುಂಡಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಜನವರಿಯಲ್ಲಿ ಒಬ್ಬ ವೃದ್ಧೆ, ಅದರ ಮರುದಿನವೇ ಹೊರಳಹಳ್ಳಿಯ ಹನ್ನೊಂದು ವರ್ಷದ ಬಾಲಕ. ಅದೇ ವರ್ಷದ ನವೆಂಬರ್ 24ರಂದು ನಂಜನಗೂಡು ತಾಲ್ಲೂಕಿನ ಬಳ್ಳೂರುಹುಂಡಿಯಲ್ಲಿ ದನ ಮೇಯಿಸುತ್ತಿದ್ದ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು.

ಇಂತಹ ಸಾವುಗಳ ಬೆನ್ನಲ್ಲೇ ಬೋನುಗಳು ಬರುತ್ತವೆ, ಒಂದು ಪ್ರಾಣಿ ಸೆರೆಯಾಗುತ್ತದೆ. ಆಗ ಊರಿನ ಬಾಯಲ್ಲಿ ಏಳುವ ಪ್ರಶ್ನೆ ಒಂದೇ: ಕೊಂದದ್ದು ಇದೇ ಪ್ರಾಣಿಯೇ? ಈ ಪ್ರಶ್ನೆಗೆ ಉತ್ತರ ಬೋನಿನಲ್ಲಿಲ್ಲ. ಅದು ಸಾವು ಸಂಭವಿಸಿದ ನೆಲದಲ್ಲಿದೆ. ಅದೂ ಮೊದಲ ಕೆಲವು ಗಂಟೆಗಳ ಕಾಲ ಮಾತ್ರ. ಆ ಗಂಟೆಗಳು ಅಧಿಕಾರಿಗಳ ಕೈಯಲ್ಲಿರುವುದಿಲ್ಲ, ಊರಿನವರ ಕೈಯಲ್ಲಿರುತ್ತವೆ. ಈ ಉಪನ್ಯಾಸದ ಸಾರ ಇಷ್ಟೇ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಅಪರಾಧ ವಿಜ್ಞಾನಕ್ಕೆ ಒಂದು ತಳಹದಿಯ ತತ್ತ್ವವನ್ನು ಕೊಟ್ಟನು. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಅಂಶ ಇನ್ನೊಂದರಲ್ಲಿ ಉಳಿಯುತ್ತದೆ ಎಂಬುದೇ ಆ ತತ್ತ್ವ. ಇದು ಮನುಷ್ಯನಿಗೆ ಮಾತ್ರವಲ್ಲ, ಚಿರತೆಗೂ ಅನ್ವಯಿಸುತ್ತದೆ. ಕಚ್ಚಿದ ಗಾಯದಲ್ಲಿ ಜೊಲ್ಲು, ಬೇಲಿಯ ಮುಳ್ಳಿನಲ್ಲಿ ಕೂದಲು, ಕಬ್ಬಿನ ಗದ್ದೆಯ ಹಸಿಮಣ್ಣಿನಲ್ಲಿ ಹೆಜ್ಜೆ, ಎಳೆದೊಯ್ದ ದಾರಿಯಲ್ಲಿ ಮಡಿದ ಹುಲ್ಲು ಉಳಿದಿರುತ್ತವೆ. ಇವೆಲ್ಲವೂ ಸಾಕ್ಷಿಗಳೇ.

ಕಾನೂನು ಕೂಡ ಇಂತಹ ಸಾವನ್ನು ವಿಚಾರಣೆಗೆ ಒಳಪಡಿಸುತ್ತದೆ. ಪ್ರಾಣಿಯಿಂದ ಸತ್ತವರ ಶವ ಮಹಜರನ್ನು ಪೊಲೀಸರು ಮಾಡಲೇಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅದನ್ನೇ ಮುಂದುವರಿಸಿದೆ. ಇತ್ತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯ ಮೇಲೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶದಂತೆ ಕ್ರಮ ಕೈಗೊಳ್ಳಬಹುದು. ಯಾವ ಪ್ರಾಣಿ ಎಂಬುದು ತಿಳಿಯದೆ ಆದೇಶಕ್ಕೆ ಅರ್ಥವೆಲ್ಲಿ?

ಸ್ಥಳದಲ್ಲಿ ಮೊದಲು ನೋಡಬೇಕಾದುದು ಜೀವ. ಗಾಯಗೊಂಡವರು ಉಸಿರಾಡುತ್ತಿದ್ದರೆ ಸಾಕ್ಷ್ಯದ ಮಾತೇ ಬೇಡ. ಹೆಚ್ಚು ರಕ್ತ ಹೋಗುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಸಣ್ಣ ಕಡಿತವಾದರೆ ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆಯಬೇಕು, ಏಕೆಂದರೆ ರೇಬೀಸ್ ಭಯವಿದೆ. ಸಾವು ಖಚಿತವಾಗಿದ್ದರೆ ಮಾತ್ರ ಗಾಯವನ್ನು ತೊಳೆಯಬಾರದು, ಬಟ್ಟೆ ಬದಲಿಸಬಾರದು. ದುಃಖದಲ್ಲಿರುವ ಮನೆಯವರಿಗೆ ಇದು ಕಠಿಣವೆಂಬುದು ನಿಜ. ಆದರೆ ಒಂದು ಕೊಡ ನೀರು ಅತ್ಯಂತ ಮುಖ್ಯವಾದ ಸಾಕ್ಷಿಯನ್ನು ಅಳಿಸಿಬಿಡುತ್ತದೆ.

ಜೊಲ್ಲಿನಲ್ಲಿ ಪ್ರಾಣಿಯ ಬಾಯಿಯ ಒಳಪದರದ ಜೀವಕೋಶಗಳಿರುತ್ತವೆ, ಆ ಕೋಶಗಳಲ್ಲಿ ಡಿಎನ್‌ಎ ಇರುತ್ತದೆ. ತಜ್ಞರು ಶುದ್ಧ ನೀರಿನಲ್ಲಿ ತೇವಗೊಳಿಸಿದ ಹತ್ತಿಯ ಕಡ್ಡಿಯಿಂದ ಗಾಯದ ಅಂಚನ್ನು ಸವರಿ, ಅದನ್ನು ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಇಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ಸೆರೆಯಾದ ಪ್ರಾಣಿಯ ರಕ್ತ ಅಥವಾ ಬೇರುಸಹಿತ ಕೂದಲನ್ನು ಇದರೊಡನೆ ಹೋಲಿಸಿದರೆ, ಕೊಂದದ್ದು ಚಿರತೆಯೋ ಹುಲಿಯೋ ಎಂಬುದಷ್ಟೇ ಅಲ್ಲ, ಇದೇ ಚಿರತೆಯೋ ಎಂಬುದನ್ನೂ ಹೇಳಲು ಸಾಧ್ಯ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇಂತಹ ಪರೀಕ್ಷೆ ನಡೆಸುತ್ತವೆ. ಆದರೆ ರಾತ್ರಿಯೆಲ್ಲ ಊರ ನಾಯಿಗಳು ಶವವನ್ನು ಮೂಸಿ ನೆಕ್ಕಿದ್ದರೆ ಮಾದರಿಯಲ್ಲಿ ನಾಯಿಯ ಡಿಎನ್‌ಎ ಬೆರೆಯುತ್ತದೆ. ಬಿಸಿಲೂ ಮಳೆಯೂ ಅದನ್ನು ಕೆಡಿಸುತ್ತವೆ.

ಹೆಜ್ಜೆಗುರುತನ್ನು ಓದುವ ಕಲೆ ಕಾಡಂಚಿನ ಹಿರಿಯರಿಗೆ ಹೊಸದಲ್ಲ. ಚಿರತೆ, ಹುಲಿಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ನೆಲದಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಮೂಡದು. ನಾಯಿಯ ಹೆಜ್ಜೆಯಲ್ಲಿ ಮೂಡುತ್ತದೆ. ಗುರುತಿನ ಪಕ್ಕ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು, ನೇರವಾಗಿ ಮೇಲಿನಿಂದ ಚಿತ್ರ ತೆಗೆಯಬೇಕು. ಅನಂತರ ಮಂಕರಿಯನ್ನೋ ಬಾಂಡಲಿಯನ್ನೋ ಮುಚ್ಚಿಟ್ಟರೆ, ಅರಣ್ಯ ಸಿಬ್ಬಂದಿ ಬಂದು ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗೆಯಬಲ್ಲರು. ಆದರೂ ಹೆಜ್ಜೆಯೊಂದನ್ನೇ ನಂಬಲಾಗದು. ಮಣ್ಣಿನ ಹದ, ನೆಲದ ಇಳಿಜಾರು, ನಡಿಗೆಯ ವೇಗ ಅದರ ಆಕಾರವನ್ನು ಬದಲಿಸುತ್ತವೆ. ಈ ಕಾರಣದಿಂದಲೇ 2006ರಿಂದ ರಾಷ್ಟ್ರೀಯ ಹುಲಿ ಗಣತಿಯಲ್ಲಿ ಹೆಜ್ಜೆ ಎಣಿಸುವ ಹಳೆಯ ಪದ್ಧತಿಯ ಸ್ಥಾನಕ್ಕೆ ಕ್ಯಾಮೆರಾ ವಿಧಾನ ಬಂದಿತು. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ.

ಇನ್ನು ವಿಷದ ಮಾತು. ಸಾಕ್ಷ್ಯವಿಲ್ಲದೆ ನ್ಯಾಯ ಸಿಗದೆಂದು ಅನ್ನಿಸಿದಾಗ ಕೆಲವರ ಕೈ ಕೀಟನಾಶಕದ ಡಬ್ಬಿಯತ್ತ ಹೋಗುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತುಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದ ಪ್ರಕರಣವದು. ವಿಷಕ್ಕೆ ತಪ್ಪಿತಸ್ಥರು, ನಿರಪರಾಧಿಗಳು ಎಂಬ ಭೇದವಿಲ್ಲ. ಅದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯ ಪ್ರಸಾದದಲ್ಲಿ ಮೊನೊಕ್ರೊಟೊಫಾಸ್ ಬೆರೆತು 17 ಮಂದಿ ಅಸುನೀಗಿದರು. ಬೆಳೆಗೆ ಸಿಂಪಡಿಸುವ ಈ ವರ್ಗದ ಔಷಧಗಳು ನರಗಳ ಸಂದೇಶವನ್ನು ನಿಯಂತ್ರಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳುವಿಗೂ ಹುಲಿಗೂ ಮನುಷ್ಯನಿಗೂ ಆ ಕಿಣ್ವ ಒಂದೇ ಬಗೆಯದು.

ವಿಷಪ್ರಾಶನದ ಸ್ಥಳದಲ್ಲಿ ಕಳೇಬರವನ್ನು ಬರಿಗೈಯಿಂದ ಮುಟ್ಟಬಾರದು. ಚರ್ಮದ ಮೂಲಕವೂ ವಿಷ ಏರುತ್ತದೆ. ನಾಯಿ, ಕಾಗೆ, ರಣಹದ್ದುಗಳು ಹತ್ತಿರ ಸುಳಿಯದಂತೆ ಕಾಯಬೇಕು. ಪಶುವೈದ್ಯರು ಜಠರದ ಒಳಗಿನ ಆಹಾರ, ಯಕೃತ್ತು, ಮೂತ್ರಪಿಂಡಗಳ ತುಂಡುಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಸಂಗ್ರಹಿಸುತ್ತಾರೆ. ರಾಸಾಯನಿಕ ಪರೀಕ್ಷೆಗೆ ಕಳುಹಿಸುವ ಮಾದರಿಗೆ ಫಾರ್ಮಲಿನ್ ಹಾಕುವಂತಿಲ್ಲ. ಕಳೇಬರದ ಕೆಳಗಿನ ಮಣ್ಣು, ಬಿಸಾಡಿದ ಡಬ್ಬಿ, ಅದರ ಮೇಲಿನ ಚೀಟಿ ಕೂಡ ಅಷ್ಟೇ ಮುಖ್ಯ.

ಸಂಗ್ರಹಿಸಿದ ಪ್ರತಿಯೊಂದು ಮಾದರಿಗೂ ಮೊಹರು ಬೇಕು. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದರು, ಯಾರಿಗೆ ಒಪ್ಪಿಸಿದರು ಎಂಬ ಬರಹ ಬೇಕು. ಈ ಕೈಯಿಂದ ಆ ಕೈಗೆ ಸಾಗುವ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ನ್ಯಾಯಾಲಯದಲ್ಲಿ ಅತ್ಯುತ್ತಮ ಪ್ರಯೋಗಾಲಯದ ವರದಿಯೂ ಬಿದ್ದುಹೋಗಬಹುದು. ಪಂಚರಾಗಿ ಸಹಿ ಹಾಕುವ ಗ್ರಾಮಸ್ಥರು ಮಹಜರನ್ನು ಓದಿಸಿ ಕೇಳಿಯೇ ಸಹಿ ಹಾಕಬೇಕು. ಅದು ಅವರ ಹಕ್ಕು.

ಇಷ್ಟೆಲ್ಲ ಶ್ರಮವೇಕೆ, ಸಿಕ್ಕ ಚಿರತೆಯನ್ನು ದೂರ ಸಾಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹಾಗೆಯೇ ಮಾಡಲಾಯಿತು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ತಗ್ಗಲಿಲ್ಲ, ಹೆಚ್ಚಿತು. ತಪ್ಪು ಮಾಡದ ಚಿರತೆಯನ್ನು ಸಾಗಿಸಿದರೆ ಅದರ ಜಾಗಕ್ಕೆ ಹೊಸದೊಂದು ಬರುತ್ತದೆ, ಕೊಂದ ಪ್ರಾಣಿ ಕಬ್ಬಿನ ಗದ್ದೆಯಲ್ಲೇ ಉಳಿಯುತ್ತದೆ, ಊರು ಮಾತ್ರ ಅಪಾಯ ಕಳೆಯಿತೆಂದು ನಂಬಿ ಮಕ್ಕಳನ್ನು ಸಂಜೆ ಅಂಗಡಿಗೆ ಕಳುಹಿಸುತ್ತದೆ.

ಆದುದರಿಂದ ಪ್ರತಿ ಗ್ರಾಮದಲ್ಲೂ ನಾಲ್ಕೈದು ಯುವಕ ಯುವತಿಯರು ಈ ಕ್ರಮವನ್ನು ಕಲಿತಿರುವುದು ಒಳ್ಳೆಯದು. ಹತ್ತು ಮಾರು ದೂರದಲ್ಲಿ ಹಗ್ಗ ಕಟ್ಟಿ ಜನರನ್ನು ತಡೆಯುವುದು, ಒಂದೇ ದಾರಿಯಲ್ಲಿ ಹೋಗಿಬರುವುದು, ಗುರುತು ಮುಚ್ಚಿಡುವುದು, ಹೊತ್ತು ಬರೆದಿಡುವುದು. ಇದಕ್ಕೆ ಬೇಕಾದುದು ಹಗ್ಗ, ಮಂಕರಿ, ಅಳತೆಪಟ್ಟಿ, ಒಂದು ನೋಟ್‌ಬುಕ್ ಮತ್ತು ಮೊದಲ ಗಂಟೆಯ ಸಂಯಮ.